ಗೋಣಿಚೀಲದ ಊರಲ್ಲಿ ಕಾಮಿಕ್ಸ್ ಮಾಡಿದ ಮನೆತನ

ಬುಧವಾರ ಬಂದರೆ ನನ್ನ ತಮ್ಮನ ಮಗನಿಗೆ ಊಟ ತಿಂಡಿ ಏನೂ ಬೇಡ. ಎಂಟು ವರ್ಷದ ಹುಡುಗ. ಸ್ಕೂಲಿನಿಂದ ಬಂದವನೇ ಶೂ ಕೂಡ ಬಿಚ್ಚದೆ ಬಾಗಿಲ ಹತ್ತಿರ ಚಕ್ಕಳಮಕ್ಕಳ ಹಾಕಿ ಕೂತು, ಅಂಚೆಯಲ್ಲಿ ಬಂದ 'ಬೀನೋ' ಕಾಮಿಕ್ಸಿನ ಕವರನ್ನು ಹಲ್ಲಿನಲ್ಲಿ ಹರಿಯುತ್ತಾನೆ. ಅವರಮ್ಮ ಅಡುಗೆಮನೆಯಿಂದ "ಮೊದ್ಲು ಕೈ ತೊಳ್ಕೊಳ್ಳೋ" ಅಂತ ಕೂಗಿದ್ದು ಅವನ ಕಿವಿಗೆ ಬೀಳುವುದೇ ಇಲ್ಲ. ಹೋದ ವರ್ಷ ಸ್ಕಾಟ್ಲೆಂಡಿನ ಡಂಡೀ ಊರಿನಲ್ಲಿರುವ ಅವರ ಮನೆಯಲ್ಲಿ ಐದು ವಾರ ಇದ್ದೆ. ಐದು ಬುಧವಾರವೂ ಇದೇ ಸೀನು.

ಮೂರನೇ ಬುಧವಾರ ನಾನೂ ಪಕ್ಕದಲ್ಲಿ ಕೂತೆ. ಅವನು ಚಿತ್ರ ನೋಡಿ ನಗುತ್ತಿದ್ದ. ನಾನು ಕನ್ನಡಕ ಏರಿಸಿಕೊಂಡು ಯಾವ ಮೂಲೆಯಲ್ಲೋ ಇದ್ದ ಸಣ್ಣಕ್ಷರ ಓದುತ್ತಿದ್ದೆ, ವಯಸ್ಸಾಯಿತು ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು. ಡಿ.ಸಿ. ಥಾಮ್ಸನ್, ಡಂಡೀ ಅಂತಿತ್ತು. ಈ ಹೆಸರು ಎಲ್ಲೋ ನೋಡಿದ್ದೇನಲ್ವಾ ಅನ್ನಿಸಿತು. ಎಲ್ಲಿ ಅಂತ ನೆನಪಾಗಲು ಎರಡು ದಿನ ಬೇಕಾಯಿತು. ಕಮಾಂಡೋ!

ನನ್ನ ಓರಗೆಯ ಕೆಲವರಿಗಾದರೂ ಅದು ಗೊತ್ತಿರುತ್ತದೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಒಳಗೆಲ್ಲ ಕಪ್ಪು ಬಿಳುಪು, ಪುಟಕ್ಕೆ ಎರಡು ಮೂರು ಚಿತ್ರ, ಎರಡನೇ ಮಹಾಯುದ್ಧದ ಕತೆ, ಪ್ರತಿ ಕತೆಯಲ್ಲೂ ಜರ್ಮನ್ ಸೈನಿಕ "ಆಖ್" ಅಂತಲೇ ಸಾಯಬೇಕು. ಬೆಂಗಳೂರಿನಲ್ಲಿದ್ದ ನನ್ನ ಸೋದರಮಾವನ ಮಗ ಬೇಸಿಗೆ ರಜೆಗೆ ದಾವಣಗೆರೆಗೆ ಬರುವಾಗ ಫುಟ್‌ಪಾತಿನಲ್ಲಿ ಕೊಂಡ ಹಳೆಯ ಕಮಾಂಡೋಗಳ ಕಟ್ಟೊಂದನ್ನು ತರುತ್ತಿದ್ದ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಚಿತ್ರ ನೋಡಿ ಕತೆ ಕಟ್ಟಿಕೊಳ್ಳುತ್ತಿದ್ದೆ. ಆ ಕಮಾಂಡೋ 1961ರಲ್ಲಿ ಶುರುವಾಗಿದ್ದು, ಈಗಲೂ ಬರುತ್ತಿದೆ. ಅದನ್ನು ಮಾಡುವುದು ಇದೇ ಡಿ.ಸಿ. ಥಾಮ್ಸನ್. ನನ್ನ ತಮ್ಮ ಕೆಲಸಕ್ಕೆ ಹೋಗುವ ಬಸ್ಸು ಅವರ ಆಫೀಸಿನ ಮುಂದೆಯೇ ಹೋಗುತ್ತದೆ. ನಾಲ್ಕು ವರ್ಷದಿಂದ ಆ ಕೆಂಪು ಕಲ್ಲಿನ ಕಟ್ಟಡವನ್ನು ಅವನು ಯಾವುದೋ ಹಳೇ ಬ್ಯಾಂಕು ಅಂದುಕೊಂಡಿದ್ದ.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ತಮ್ಮ ಮತ್ತು ಅವನ ಹೆಂಡತಿ ಕೆಲಸಕ್ಕೆ ಹೋದ ಮೇಲೆ ನನಗೆ ಮಾಡಲು ಬೇರೇನೂ ಇರಲಿಲ್ಲ. ಲೈಬ್ರರಿ, ಮ್ಯೂಸಿಯಂ, ಊರು ಸುತ್ತುವುದು. ಈ ಬರಹ ಅದರ ಫಲ.

ದಾವಣಗೆರೆಯವನಿಗೆ ಡಂಡೀ ಬೇಗ ಅರ್ಥವಾಗುತ್ತದೆ. ಎರಡೂ ಗಿರಣಿ ಊರು, ಎರಡೂ ಕಡೆ ಗಿರಣಿ ಹೋಯಿತು. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು, ಈಗ ಬೆಣ್ಣೆದೋಸೆ ಊರು ಅಂತಾರೆ. ಡಂಡೀಯನ್ನು ಅಲ್ಲಿನವರು ಮೂರು ವಸ್ತುಗಳ ಊರು ಅನ್ನುತ್ತಾರೆ: ಸೆಣಬು, ಜಾಮ್, ಪತ್ರಿಕೆ. ಇಂಗ್ಲಿಷಿನಲ್ಲಿ ಮೂರೂ 'ಜೆ' ಅಕ್ಷರದಿಂದ ಶುರುವಾಗುತ್ತವೆ, ಹಾಗಾಗಿ ನಾಲಿಗೆಗೆ ಸಲೀಸು. ಸೆಣಬು ಅಲ್ಲಿ ಬೆಳೆಯುವುದಿಲ್ಲ, ಬಂಗಾಳದಿಂದ ಹಡಗಿನಲ್ಲಿ ಬರುತ್ತಿತ್ತು. ಒರಟು ನಾರನ್ನು ಮೆತ್ತಗೆ ಮಾಡಲು ತಿಮಿಂಗಿಲದ ಎಣ್ಣೆ ಬೇಕು, ಡಂಡೀ ತಿಮಿಂಗಿಲ ಬೇಟೆಯ ಬಂದರು. ಎರಡೂ ಸೇರಿ ಗೋಣಿಚೀಲವಾಯಿತು. ಗಿರಣಿಗಳಲ್ಲಿ ದುಡಿಯುತ್ತಿದ್ದವರು ಹೆಚ್ಚಾಗಿ ಹೆಂಗಸರು. ಅವರಿಗೆ ಸಂಬಳ ಕಡಿಮೆ ಕೊಟ್ಟರೆ ಸಾಕಿತ್ತಲ್ಲ. ಕೆಲಸವಿಲ್ಲದೆ ಮನೆಯಲ್ಲಿ ಉಳಿದ ಗಂಡಸರಿಗೆ 'ಕೆಟಲ್ ಕಾಯಿಸುವವರು' ಅಂತ ಅಡ್ಡಹೆಸರು. ಆಮೇಲೆ ಕಲ್ಕತ್ತಾದ ಹೂಗ್ಲಿ ದಂಡೆಯಲ್ಲೇ ಗಿರಣಿಗಳು ಎದ್ದವು, ಅವುಗಳನ್ನು ನಡೆಸಲು ಡಂಡೀಯಿಂದಲೇ ಮ್ಯಾನೇಜರುಗಳು ಹೋದರು, ತಮ್ಮೂರಿನ ಕತ್ತು ತಾವೇ ಹಿಸುಕಿದ ಹಾಗೆ. ಅಲ್ಲಿನ ಒಂದು ಗಿರಣಿ ಈಗ ವರ್ಡಂಟ್ ವರ್ಕ್ಸ್ ಅನ್ನೋ ಮ್ಯೂಸಿಯಂ. ಒಳಗೆ ಹೋದರೆ ಎಪಿಎಂಸಿ ಗೋದಾಮಿನದೇ ವಾಸನೆ. ಸುಮ್ನೆ ನಿಂತುಬಿಟ್ಟೆ. ನಮ್ಮಪ್ಪ ಗಿರಣಿಯ ಗುಮಾಸ್ತರಾಗಿದ್ದವರು, ಅವರಿಗೆ ತೋರಿಸಬೇಕಿತ್ತು ಅನ್ನಿಸಿತು.

ಈಗ ಮನೆತನಕ್ಕೆ ಬರೋಣ. ವಿಲಿಯಂ ಥಾಮ್ಸನ್ ಅಂತ ಡಂಡೀಯ ಹಡಗು ಮಾಲೀಕ. ಅವನ ಕೈಗೆ ಊರಿನ 'ಕೊರಿಯರ್' ಪತ್ರಿಕೆ ಬಂತು. 1884ರಲ್ಲಿ ಅದನ್ನು ಮಗ ಡೇವಿಡ್ ಕೂಪರ್ ಥಾಮ್ಸನ್‌ಗೆ ಒಪ್ಪಿಸಿದ. ಹುಡುಗನಿಗೆ ಆಗ 23 ವರ್ಷ. 1905ರಲ್ಲಿ ಕಂಪನಿಗೆ ಅವನ ಹೆಸರೇ ಬಂತು, ಡಿ.ಸಿ. ಥಾಮ್ಸನ್. ಅವನು ಸತ್ತದ್ದು 1954ರಲ್ಲಿ. ಲೆಕ್ಕ ಹಾಕಿ, ಎಪ್ಪತ್ತು ವರ್ಷ ಒಬ್ಬನೇ ಯಜಮಾನ. ಈಗಲೂ ಅದು ಶೇರು ಮಾರುಕಟ್ಟೆಗೆ ಬಂದಿಲ್ಲ, ಮನೆತನದ ಕೈಯಲ್ಲೇ ಇದೆ.

ಇವನ ಸಿಟ್ಟಿನ ಕತೆಗಳು ಡಂಡೀಯಲ್ಲಿ ಈಗಲೂ ಚಾಲ್ತಿಯಲ್ಲಿವೆ. ದೊಡ್ಡದು ಚರ್ಚಿಲ್ ಜೊತೆಗಿನ ಜಗಳ. ವಿನ್‌ಸ್ಟನ್ ಚರ್ಚಿಲ್ 1908ರಿಂದ 1922ರವರೆಗೆ ಡಂಡೀಯ ಎಂಪಿ. ಊರಿನ ಪತ್ರಿಕೆಗಳೆಲ್ಲ ಥಾಮ್ಸನ್ ಕೈಯಲ್ಲಿ. ಇಬ್ಬರಿಗೂ ಆಗಿಬರಲಿಲ್ಲ. 1922ರ ಚುನಾವಣೆ ಹೊತ್ತಿಗೆ ಚರ್ಚಿಲ್‌ಗೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು, ಸರಿಯಾಗಿ ಪ್ರಚಾರ ಮಾಡಲಾಗಲಿಲ್ಲ, ಸೋತ. ಗೆದ್ದವನು ಯಾರು ಗೊತ್ತಾ? ಎಡ್ವಿನ್ ಸ್ಕ್ರಿಮ್ಜರ್ ಅನ್ನುವ ಪಾನನಿಷೇಧ ಪಕ್ಷದವನು. ಕುಡಿತಕ್ಕೆ ಹೆಸರಾದ ಚರ್ಚಿಲ್ ಕುಡಿತದ ವಿರೋಧಿಯ ಎದುರು ಮಣ್ಣುಮುಕ್ಕಿದ. ಹುದ್ದೆ, ಸೀಟು, ಪಕ್ಷ ಮೂರೂ ಹೋದವು, ಜೊತೆಗೆ ಅಪೆಂಡಿಕ್ಸೂ ಹೋಯಿತು ಅಂತ ಅವನೇ ಆಮೇಲೆ ತಮಾಷೆ ಮಾಡಿಕೊಂಡಿದ್ದಾನೆ. ಅದಾದ ಮೇಲೆ ಎಷ್ಟೋ ವರ್ಷ ಥಾಮ್ಸನ್ ಪತ್ರಿಕೆಗಳಲ್ಲಿ ಅವನ ಹೆಸರನ್ನೇ ಅಚ್ಚು ಮಾಡುತ್ತಿರಲಿಲ್ಲ ಅಂತ ಊರಲ್ಲಿ ಹೇಳುತ್ತಾರೆ.

ಇನ್ನೊಂದು ಕತೆ ಅಷ್ಟು ನಗು ತರಿಸುವುದಿಲ್ಲ. 1926ರಲ್ಲಿ ಬ್ರಿಟನ್‌ನಲ್ಲಿ ಮಹಾಮುಷ್ಕರ ಆಯಿತು. ಥಾಮ್ಸನ್ ಪ್ರೆಸ್ಸಿನ ಕೆಲಸಗಾರರೂ ಹೊರಗೆ ಬಂದರು. ಮುಷ್ಕರ ಮುಗಿದ ಮೇಲೆ ಯಜಮಾನ ಒಂದು ಷರತ್ತು ಹಾಕಿದ: ಇಲ್ಲಿ ಕೆಲಸ ಬೇಕಾದರೆ ಯಾವ ಕಾರ್ಮಿಕ ಸಂಘಕ್ಕೂ ಸೇರುವುದಿಲ್ಲ ಅಂತ ಬರೆದುಕೊಡಬೇಕು. ಈ ನಿಯಮ ದಶಕಗಟ್ಟಲೆ ನಡೆಯಿತು. 1952ರಲ್ಲಿ ಇದೇ ವಿಷಯಕ್ಕೆ ಮತ್ತೆ ಗಲಾಟೆಯಾಗಿ, ಇವರಿಗೆ ಪೇಪರ್ ಕೊಡುತ್ತಿದ್ದ ಕಂಪನಿಯ ಲಾರಿ ಡ್ರೈವರುಗಳು ರೋಲು ಸಾಗಿಸಲು ಹಿಂಜರಿದರು, ಥಾಮ್ಸನ್ ಕೋರ್ಟಿಗೆ ಹೋದರು, ಕೋರ್ಟಿನಲ್ಲಿ ಸೋತರು. ಲಾ ಓದಿದವರು 'ಥಾಮ್ಸನ್ ವಿರುದ್ಧ ಡೀಕಿನ್' ಅನ್ನುವ ಕೇಸಿನ ಹೆಸರು ಕೇಳಿರಬಹುದು. ಅದು ಇದೇ. ಬೀನೋದ ತರಲೆ ಹುಡುಗ ಡೆನಿಸ್ ದ ಮೆನೇಸ್‌ಗೂ ಟಾರ್ಟ್ಸ್ ಕಾನೂನಿಗೂ (ಒಬ್ಬರು ಇನ್ನೊಬ್ಬರಿಗೆ ಮಾಡಿದ ಹಾನಿಗೆ ಪರಿಹಾರ ಕೇಳುವ ಕಾನೂನು) ಇಂಥದೊಂದು ನಂಟಿದೆ ಅಂತ ನನಗೂ ಗೊತ್ತಿರಲಿಲ್ಲ.

ಇಷ್ಟು ಬಿಗಿಯಾದ ಮನೆಯಿಂದ ಇಷ್ಟು ತರಲೆ ಕಾಮಿಕ್ಸ್ ಹೇಗೆ ಬಂತು? ಐದು ವಾರವೂ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಇದೇ.

ಅದಕ್ಕೆ ಕಾರಣ ಆರ್.ಡಿ. ಲೋ ಅನ್ನುವ ಒಬ್ಬ ನೌಕರ. ಮಕ್ಕಳ ಪತ್ರಿಕೆಗಳ ಮುಖ್ಯಸ್ಥ. 1920ರ ದಶಕದಿಂದಲೇ ಕಂಪನಿ ಹುಡುಗರಿಗಾಗಿ ವಾರಪತ್ರಿಕೆಗಳನ್ನು ತರುತ್ತಿತ್ತು. ಅಡ್ವೆಂಚರ್, ರೋವರ್, ವಿಜಾರ್ಡ್, ಸ್ಕಿಪ್ಪರ್, ಹಾಟ್‌ಸ್ಪರ್ ಅಂತ ಐದು. ಅವುಗಳಲ್ಲಿ ಅಕ್ಷರವೇ ಜಾಸ್ತಿ, ಚಿತ್ರ ಕಡಿಮೆ. 1936ರ ಮಾರ್ಚಿನಲ್ಲಿ ಲೋ, ಡಡ್ಲಿ ವಾಟ್ಕಿನ್ಸ್ ಅನ್ನುವ ಕಲಾವಿದನ ಜೊತೆ ಸೇರಿ 'ಸಂಡೇ ಪೋಸ್ಟ್' ಪತ್ರಿಕೆಗೆ ಎರಡು ಚಿತ್ರಕತೆ ಶುರು ಮಾಡಿದ. ಒಂದು 'ದ ಬ್ರೂನ್ಸ್', ಒಂದು ದೊಡ್ಡ ಕುಟುಂಬದ ದಿನನಿತ್ಯದ ರಗಳೆ. ಇನ್ನೊಂದು 'ಊರ್ ವಲ್ಲಿ', ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂರುವ ಹುಡುಗ. ಎರಡೂ ಡಂಡೀ ಕಡೆಯ ಆಡುಮಾತಿನಲ್ಲಿ. ನಮ್ಮಲ್ಲಿ ಧಾರವಾಡದ ಮಾತಲ್ಲೋ ಕುಂದಾಪುರದ ಮಾತಲ್ಲೋ ಬರೆದ ಹಾಗೆ. ಜನ ಮುಗಿಬಿದ್ದರು. ಅದಾದ ಮೇಲೆ ಚಿಕ್ಕ ಮಕ್ಕಳಿಗೆ ಪೂರ್ತಿ ಚಿತ್ರಗಳದ್ದೇ ಕಾಮಿಕ್ಸ್ ಬೇಕು ಅಂತ ಲೋಗೆ ಅನ್ನಿಸಿತು.

1937ರ ಡಿಸೆಂಬರ್ 4ಕ್ಕೆ 'ಡ್ಯಾಂಡಿ' ಬಂತು. ಮೊದಲ ಸಂಚಿಕೆಯ ಜೊತೆ ಒಂದು ಪೀಪಿ ಉಚಿತ. ಆ ವಾರ ಬ್ರಿಟನ್ನಿನ ತಾಯಂದಿರೆಲ್ಲ ಕಂಪನಿಗೆ ಎಷ್ಟು ಶಾಪ ಹಾಕಿರಬೇಡ! ಮರುವರ್ಷ ಜುಲೈ 30ರಂದು 'ಬೀನೋ'. ಅಲ್ಲಿನ ಆಡುಮಾತಿನಲ್ಲಿ ಬೀನೋ ಅಂದರೆ ಊಟ ಗೀಟ ಹಾಕಿ ಮಾಡುವ ಮೋಜು. ಬೆಲೆ ಎರಡು ಪೆನ್ಸ್. ಮೊದಲ ಸಂಚಿಕೆಯೇ ನಾಲ್ಕು ಲಕ್ಷದ ಮೇಲೆ ಖರ್ಚಾಯಿತು. ಮುಖಪುಟದಲ್ಲಿ ಬಿಗ್ ಎಗ್ಗೋ ಅನ್ನುವ ಉಷ್ಟ್ರಪಕ್ಷಿ. ಅದೇ ಮುಖಪುಟದ ತಲೆಪಟ್ಟಿಯಲ್ಲಿ ಕಪ್ಪು ಹುಡುಗನೊಬ್ಬನನ್ನು ಕಲ್ಲಂಗಡಿ ತಿನ್ನುವ ಹಾಗೆ ವಿಕಾರವಾಗಿ ಬರೆದಿದ್ದರು. ಈಗ ನೋಡಿದರೆ ಮುಜುಗರವಾಗುತ್ತದೆ. ಆಗ ಯಾರಿಗೂ ಆಗಲಿಲ್ಲ.

ಅದಕ್ಕೆ ಮುಂಚೆ ಬ್ರಿಟಿಷ್ ಕಾಮಿಕ್ಸಿನಲ್ಲಿ ಚಿತ್ರದ ಕೆಳಗೆ ಪ್ಯಾರಾಗಟ್ಟಲೆ ಬರೆಯುತ್ತಿದ್ದರು. ಚಿತ್ರ ಒಂದು ಕಡೆ, ಕತೆ ಒಂದು ಕಡೆ. ಡ್ಯಾಂಡಿ ಮತ್ತು ಬೀನೋ ಮಾತನ್ನೆಲ್ಲ ಪಾತ್ರದ ಬಾಯಿಂದ ಹೊರಡುವ ಗುಳ್ಳೆಯೊಳಗೆ ಹಾಕುವುದನ್ನು ಜಾಸ್ತಿ ಮಾಡಿದವು. ಸಣ್ಣ ವಿಷಯ ಅನ್ನಿಸಬಹುದು. ಆದರೆ ಓದು ಕಲಿಯುತ್ತಿರುವ ಮಗುವಿಗೆ ಅದು ಎಷ್ಟು ಅನುಕೂಲ ಅಂತ ಇಂಗ್ಲಿಷ್ ಬಾರದೆ ಕಮಾಂಡೋ ಓದಿದ ನನ್ನನ್ನು ಕೇಳಿ.

ಯುದ್ಧ ಬಂತು, ಕಾಗದಕ್ಕೆ ಬರ ಬಂತು. ಲೋಗೆ ಐದು ಕಾಮಿಕ್ಸ್ ಮಾಡುವ ಆಸೆಯಿತ್ತು. ಮೂರನೆಯದಾದ 'ಮ್ಯಾಜಿಕ್' 1939ರಲ್ಲಿ ಹುಟ್ಟಿ 1941ರಲ್ಲಿ ನಿಂತೇ ಹೋಯಿತು. ಆ ವರ್ಷದಿಂದ ಡ್ಯಾಂಡಿ ಒಂದು ವಾರ, ಬೀನೋ ಒಂದು ವಾರ. 1949ರವರೆಗೂ ಹಾಗೇ. ಯುದ್ಧ ಮುಗಿದರೂ ಕಾಗದ ಸಿಗುತ್ತಿರಲಿಲ್ಲ. ಈ ಹೊತ್ತಲ್ಲಿ ಹಿಟ್ಲರ್, ಗೋರಿಂಗ್, ಮುಸೊಲಿನಿಯನ್ನು ಪೆದ್ದರನ್ನಾಗಿ ಮಾಡಿ ಸರಣಿಗಳನ್ನೇ ಬರೆದರು. ಊಟಕ್ಕೆ ರೇಷನ್ ಇದ್ದ ಕಾಲದಲ್ಲಿ ಡ್ಯಾಂಡಿಯ ಡೆಸ್ಪರೇಟ್ ಡ್ಯಾನ್ ಇಡೀ ಹಸುವನ್ನು ಒಳಗೆ ಹಾಕಿ ಬೇಯಿಸಿದ ಕಡುಬಿನಂಥದ್ದನ್ನು ತಿನ್ನುತ್ತಿದ್ದ, ಎರಡು ಕೊಂಬು ಆಚೆ ಕಾಣುತ್ತಿದ್ದವು. ಗಡ್ಡ ಬೋಳಿಸಲು ಬೆಂಕಿ ಉಗುಳುವ ಬ್ಲೋಲ್ಯಾಂಪು. ಅವನ ಅಗಲ ಗದ್ದಕ್ಕೆ ಡ್ಯಾಂಡಿಯ ಸಂಪಾದಕ ಆಲ್ಬರ್ಟ್ ಬಾರ್ನ್ಸ್‌ನ ಗದ್ದವೇ ಮಾದರಿ ಅನ್ನುತ್ತಾರೆ. ಈಗ ಡಂಡೀ ನಡುಪೇಟೆಯಲ್ಲಿ ಡ್ಯಾನ್‌ನ ಕಂಚಿನ ಪ್ರತಿಮೆ ಇದೆ, 2001ರಲ್ಲಿ ನಿಲ್ಲಿಸಿದ್ದು. ಹಿಂದೆ ಮಿನ್ನಿ ಅನ್ನೋ ಹುಡುಗಿ ಅವನಿಗೆ ಗುರಿಯಿಟ್ಟು ನಿಂತಿದ್ದಾಳೆ. ನಮ್ಮೂರಲ್ಲಾದರೆ ಸರ್ಕಲ್ಲಿಗೊಬ್ಬ ಮಹಾಪುರುಷ. ಅಲ್ಲಿ ದನ ತಿನ್ನುವ ಕೌಬಾಯ್. ತಮ್ಮನ ಮಗ ಅವನ ಬೂಟಿನ ಮೇಲೆ ಹತ್ತಿ ಫೋಟೋ ತೆಗೆಸಿಕೊಂಡ.

1951ರ ಮಾರ್ಚ್ 17ರ ಬೀನೋದಲ್ಲಿ ಅರ್ಧ ಪುಟದಲ್ಲಿ ಒಬ್ಬ ಹೊಸ ಹುಡುಗ ಬಂದ. ಪಾರ್ಕಿನಲ್ಲಿ ಹುಲ್ಲಿನ ಮೇಲೆ ಕಾಲಿಡಬೇಡ ಅಂದರೆ ಅಲ್ಲೇ ಇಡುವ ಜಾತಿ. ಹೆಸರು ಡೆನಿಸ್ ದ ಮೆನೇಸ್. ಬರೆದವನು ಡೇವಿಡ್ ಲಾ. ವಿಚಿತ್ರ ಏನಂದರೆ ಅದೇ ವಾರ ಅಮೆರಿಕದಲ್ಲೂ ಹ್ಯಾಂಕ್ ಕೆಚಮ್ ಅನ್ನುವವನ ಡೆನಿಸ್ ದ ಮೆನೇಸ್ ಶುರುವಾಯಿತು. ಒಬ್ಬರಿಗೊಬ್ಬರು ಗೊತ್ತಿಲ್ಲ, ಬರೀ ಕಾಕತಾಳೀಯ. ನಮಗೆ ಟೀವಿಯಲ್ಲಿ ಗೊತ್ತಾದ ಹೊಂಬಣ್ಣದ ಕೂದಲಿನ ಮುದ್ದು ಹುಡುಗ ಅಮೆರಿಕದವನು. ಡಂಡೀಯ ಡೆನಿಸ್ ಮುದ್ದು ಗಿದ್ದು ಏನಿಲ್ಲ. ಕೆಂಪು ಕಪ್ಪು ಪಟ್ಟೆಯ ಸ್ವೆಟರ್, ಮುಳ್ಳುಹಂದಿಯಂಥ ಕಪ್ಪು ತಲೆ, ಕೈಯಲ್ಲಿ ಕವಣೆ. ಅಮೆರಿಕದವನು ಗೊತ್ತಿಲ್ಲದೆ ಅನಾಹುತ ಮಾಡುತ್ತಾನೆ, ಇವನು ಗೊತ್ತಿದ್ದೇ ಮಾಡುತ್ತಾನೆ. ನನ್ನ ಓಟು ಇವನಿಗೆ.

1968ರಲ್ಲಿ ಡೆನಿಸ್‌ಗೆ ಒಂದು ನಾಯಿ ಬೇಕಾಯಿತು. ಎಂಥ ನಾಯಿ ಅಂತ ಆಫೀಸಿನಲ್ಲಿ ತಲೆ ಕೆಡಿಸಿಕೊಂಡರಂತೆ. ಕೊನೆಗೆ, ಡೆನಿಸ್‌ನ ತಲೆಗೂದಲನ್ನು ಬರೆ, ನಾಲ್ಕು ಮೂಲೆಗೆ ನಾಲ್ಕು ಕಾಲು ಅಂಟಿಸು, ಒಂದು ತುದಿಗೆ ಎರಡು ಕಣ್ಣು ಇಡು ಅಂದರು. ಲಾ ಹಾಗೇ ಬರೆದ. ಅದೇ ನ್ಯಾಶರ್. ಇದನ್ನು ಓದಿ ಹೇಳಿದಾಗ ಹುಡುಗ ನಂಬಲಿಲ್ಲ. ಪೆನ್ಸಿಲ್ ತಂದು ಪ್ರಯತ್ನಪಟ್ಟ. ಮೊದಲ ಸಲ ಪೊರಕೆ ಆಯಿತು. ಎರಡನೇ ಸಲ ಸುಟ್ಟ ಇಡ್ಲಿ. ಮೂರನೇ ಸಲ ನಿಜವಾಗಿಯೂ ನ್ಯಾಶರ್ ಬಂತು. ಆ ದಿನ ರಾತ್ರಿ ಊಟದ ಹೊತ್ತಿಗೆ ಮನೆಯ ವಿದ್ಯುತ್ ಬಿಲ್ಲಿನ ಹಿಂದೆಲ್ಲ ನ್ಯಾಶರ್‌ಗಳು.

ಈಗ ನನಗೆ ಹೆಚ್ಚು ಕಾಡಿದ ಭಾಗ. ಲಿಯೋ ಬ್ಯಾಕ್ಸೆಂಡೇಲ್.

ಇಂಗ್ಲೆಂಡಿನ ಲ್ಯಾಂಕಶೈರ್ ಕಡೆಯ ಹುಡುಗ. ಬೀನೋದಲ್ಲಿ ಡೆನಿಸ್‌ನನ್ನು ನೋಡಿ, ಇಂಥದ್ದು ನಾನೂ ಮಾಡಬಲ್ಲೆ ಅಂತ ಕೆಲಸ ಕೇಳಿದ. 1953ರಲ್ಲಿ ಮಿನ್ನಿ ದ ಮಿಂಕ್ಸ್ ಹುಟ್ಟಿದಳು, ಹುಡುಗರನ್ನೇ ಹಿಡಿದು ಬಡಿಯುವ ಹುಡುಗಿ. 1954ರಲ್ಲಿ 'ವೆನ್ ದ ಬೆಲ್ ರಿಂಗ್ಸ್' ಶುರು ಮಾಡಿದ. ಅದೇ ಮುಂದೆ 'ದ ಬ್ಯಾಶ್ ಸ್ಟ್ರೀಟ್ ಕಿಡ್ಸ್' ಆಯಿತು. ಬೀನೋ ಸಂಪಾದಕ ಜಾರ್ಜ್ ಮೂನಿಯ ಕಿಟಕಿಯಿಂದ ಡಂಡೀ ಹೈಸ್ಕೂಲಿನ ಮೈದಾನ ಕಾಣುತ್ತಿತ್ತು. ಗಂಟೆ ಹೊಡೆದ ತಕ್ಷಣ ಮಕ್ಕಳು ಹೊರಗೆ ನುಗ್ಗುವುದನ್ನು ನೋಡಿಯೇ ಈ ಕತೆ ಹೊಳೆದದ್ದು. ನಾನು ಆ ರಸ್ತೆಯಲ್ಲಿ ನಿಂತು ನೋಡಿದೆ. ಶಾಲೆಯ ಮುಂಭಾಗಕ್ಕೆ ಗ್ರೀಕ್ ದೇವಸ್ಥಾನದ ಥರ ದಪ್ಪ ದಪ್ಪ ಕಂಬ, ಎದುರಿಗೆ ಥಾಮ್ಸನ್ ಕಟ್ಟಡ. ಗಂಭೀರಕ್ಕೆ ಗಂಭೀರ ಮುಖಾಮುಖಿ. ನಡುವಿನ ಮೈದಾನದಲ್ಲಿ ಮಕ್ಕಳ ಕೂಗಾಟ.

ಬ್ಯಾಕ್ಸೆಂಡೇಲ್‌ನ ಪುಟವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಒಂದೇ ಚೌಕದಲ್ಲಿ ಮೂವತ್ತು ನಲವತ್ತು ಮಕ್ಕಳು, ಒಬ್ಬೊಬ್ಬನೂ ಒಂದೊಂದು ಕಿತಾಪತಿಯಲ್ಲಿ. ಒಬ್ಬ ಮೇಷ್ಟ್ರ ಕುರ್ಚಿಗೆ ಗರಗಸ ಹಾಕುತ್ತಿದ್ದರೆ ಹಿಂದೆ ಇನ್ನೊಬ್ಬ ಗರಗಸ ಹಾಕುವವನ ಪ್ಯಾಂಟಿಗೆ ದಾರ ಕಟ್ಟುತ್ತಿರುತ್ತಾನೆ, ಅದಕ್ಕೂ ಹಿಂದೆ ಒಂದು ಇಲಿ ಇದೆಲ್ಲ ನೋಡಿ ನಗುತ್ತಿರುತ್ತದೆ ಅನ್ನುವ ಹಾಗೆ. ನಮ್ಮ ಜಾತ್ರೆ ಫೋಟೋದಲ್ಲಿ ಪರಿಚಯದವರನ್ನು ಹುಡುಕುವ ಹಾಗೆ ಹುಡುಕಬೇಕು. 1950ರ ದಶಕದಲ್ಲಿ ಬೀನೋ ವಾರಕ್ಕೆ ಸುಮಾರು 20 ಲಕ್ಷ ಪ್ರತಿ ಖರ್ಚಾಗುತ್ತಿತ್ತು. ಅದರಲ್ಲಿ ಈ ಮನುಷ್ಯನ ಪಾಲು ದೊಡ್ಡದು.

ಆದರೆ ಆ ಪುಟದಲ್ಲಿ ಎಲ್ಲೂ ಅವನ ಹೆಸರಿಲ್ಲ. ಅವನದಷ್ಟೇ ಅಲ್ಲ, ಹೆಚ್ಚುಕಡಿಮೆ ಯಾರದ್ದೂ ಇಲ್ಲ. ಮನೆಯ ಪದ್ಧತಿಯೇ ಹಾಗೆ. ಪುಟಕ್ಕಿಷ್ಟು ಅಂತ ದುಡ್ಡು, ಆಮೇಲೆ ಪಾತ್ರ, ಮೂಲಚಿತ್ರ, ಹಕ್ಕು ಎಲ್ಲ ಕಂಪನಿಯದ್ದು. ಒಬ್ಬ ಕಲಾವಿದ ಬಿಟ್ಟರೆ ಇನ್ನೊಬ್ಬ ಅದೇ ಶೈಲಿಯಲ್ಲಿ ಮುಂದುವರಿಸಬೇಕು, ಓದುವ ಮಗುವಿಗೆ ಗೊತ್ತೇ ಆಗಬಾರದು. ನಮ್ಮ ಚಂದಮಾಮದಲ್ಲಿ ಇದರ ಉಲ್ಟಾ ಇತ್ತಲ್ವಾ? ಎಷ್ಟೋ ಕತೆಗಳಿಗೆ ಬರೆದವರ ಹೆಸರಿರುತ್ತಿರಲಿಲ್ಲ, ಚಿತ್ರದ ಮೂಲೆಯಲ್ಲಿ ಮಾತ್ರ 'ಚಿತ್ರಾ', 'ಶಂಕರ್' ಅಂತ ಕಾಣುತ್ತಿತ್ತು. ಅದಕ್ಕೇ ಬೇತಾಳನ ಚಿತ್ರ ಯಾರದು ಅಂತ ಕೇಳಿದರೆ ನಮ್ಮ ತಲೆಮಾರಿನವರು ಥಟ್ಟನೆ ಹೇಳುತ್ತಾರೆ. ಬ್ರಿಟನ್‌ನಲ್ಲಿ ಲಕ್ಷಾಂತರ ಮಕ್ಕಳು ಬ್ಯಾಕ್ಸೆಂಡೇಲ್‌ನ ಕೈಯನ್ನು ಗುರುತಿಸುತ್ತಿದ್ದರು, ಹೆಸರು ಮಾತ್ರ ಗೊತ್ತಿರಲಿಲ್ಲ.

1962ರಲ್ಲಿ ಅವನು ಸುಸ್ತಾಗಿ ಬಿಟ್ಟುಹೋದ. ಎರಡು ವರ್ಷದ ಮೇಲೆ ಎದುರಾಳಿ ಕಂಪನಿಗೆ 'ವ್ಹಾಮ್' ಅನ್ನುವ ಕಾಮಿಕ್ಸ್ ಮಾಡಿಕೊಟ್ಟ. 1980ರಲ್ಲಿ, ನಾನು ಹುಟ್ಟಿಸಿದ ಪಾತ್ರಗಳ ಹಕ್ಕು ನನ್ನದು ಅಂತ ಥಾಮ್ಸನ್ ಮೇಲೆ ಕೇಸು ಹಾಕಿದ. ಏಳು ವರ್ಷ ಎಳೆದು, 1987ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು. ಅವನು ತೀರಿಕೊಂಡದ್ದು 2017ರಲ್ಲಿ. ಯಜಮಾನಿಕೆಯನ್ನು ಗೇಲಿ ಮಾಡುವ ಮಕ್ಕಳನ್ನು ಸೃಷ್ಟಿಸಿದವನು ಕೊನೆಗೆ ತನ್ನ ಯಜಮಾನನ ಎದುರೇ ನಿಂತ. ನನಗಂತೂ ಇದು ಬ್ಯಾಶ್ ಸ್ಟ್ರೀಟ್‌ನದೇ ಒಂದು ಉದ್ದನೆಯ ಕಂತಿನ ಹಾಗೆ ಕಾಣುತ್ತದೆ, ಆದರೆ ಅಷ್ಟು ನಗು ಬರುವುದಿಲ್ಲ.

ಮನೆತನವನ್ನು ಬರೀ ಬೈಯುವುದೂ ಸರಿಯಲ್ಲ. ಅವರಿಂದ ಒಂದು ಊರಿನ ಎಷ್ಟೋ ಜನ ಚಿತ್ರ ಬರೆದೇ ಜೀವನ ಮಾಡಿದರು. ಬ್ಯಾಕ್ಸೆಂಡೇಲ್ ಬಿಟ್ಟ ಜಾಗಕ್ಕೆ ಬಂದ ಡೇವಿಡ್ ಸದರ್ಲೆಂಡ್‌ನನ್ನೇ ನೋಡಿ. 1962ರಿಂದ ಬ್ಯಾಶ್ ಸ್ಟ್ರೀಟ್ ಬರೆಯಲು ಕೂತವನು 2023ರ ಜನವರಿಯಲ್ಲಿ, 89ನೇ ವಯಸ್ಸಿನಲ್ಲಿ ಸಾಯುವವರೆಗೂ ಬರೆದ. ಅರವತ್ತು ವರ್ಷ, ಅದೇ ತರಗತಿ, ಅದೇ ಮಕ್ಕಳು, ಅದೇ ಮೇಷ್ಟ್ರು. 1970ರಲ್ಲಿ ಡೇವಿಡ್ ಲಾ ಕಾಯಿಲೆ ಬಿದ್ದ ಮೇಲೆ ಡೆನಿಸ್‌ನನ್ನೂ ಇವನೇ 1998ರವರೆಗೆ ಬರೆದ. ಇಂಥ ಕೆಲಸವನ್ನು ಇಷ್ಟ ಇಲ್ಲದೆ ಯಾರೂ ಮಾಡಲಾರರು. ಸಂಬಳ ಬರುತ್ತಿತ್ತು, ಮನೆ ನಡೆಯುತ್ತಿತ್ತು, ನಿಯತ್ತಿನಿಂದ ಇದ್ದವರನ್ನು ಮನೆ ನಿಯತ್ತಿನಿಂದ ನೋಡಿಕೊಂಡಿತು ಅನ್ನುವವರೂ ಊರಲ್ಲಿದ್ದಾರೆ. ನಮ್ಮ ಗಿರಣಿ ಯಜಮಾನರ ಬಗ್ಗೆ ನಮ್ಮಪ್ಪನೂ ಹೀಗೇ ಎರಡು ಥರ ಮಾತಾಡುತ್ತಿದ್ದರು. ಬೆಳಗ್ಗೆ ಒಂದು, ರಾತ್ರಿ ಒಂದು.

ಹುಡುಗಿಯರ ಪತ್ರಿಕೆಗಳಾದ 'ಬಂಟಿ', 'ಜಾಕಿ' ಬಗ್ಗೆ ಇಲ್ಲಿ ಬರೆಯಲು ಹೋದರೆ ಇನ್ನೊಂದು ಬರಹವೇ ಆಗುತ್ತದೆ. ಅವೂ ಇವರವೇ, ಈಗ ಎರಡೂ ಇಲ್ಲ. ಡ್ಯಾಂಡಿಯೂ ಇಲ್ಲ. ಒಂದು ಕಾಲಕ್ಕೆ 20 ಲಕ್ಷ ಹೋಗುತ್ತಿದ್ದದ್ದು ಕೊನೆಗೆ ವಾರಕ್ಕೆ 8 ಸಾವಿರಕ್ಕಿಂತ ಕೆಳಗೆ ಬಂತು. 2012ರ ಡಿಸೆಂಬರ್ 4ರಂದು, ಸರಿಯಾಗಿ 75ನೇ ಹುಟ್ಟುಹಬ್ಬದ ದಿನ, ಕೊನೆಯ ಅಚ್ಚಿನ ಸಂಚಿಕೆ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಅದರಲ್ಲೊಂದು ಪಾತ್ರವಾಗಿ ಬಂದ. ಇಂಟರ್ನೆಟ್ಟಿನಲ್ಲಿ ಮುಂದುವರಿಸುತ್ತೇವೆ ಅಂದರು, ವರ್ಷ ತುಂಬುವುದರೊಳಗೆ ಅದೂ ಮುಗಿಯಿತು. ಬೀನೋ ಮಾತ್ರ ಗಟ್ಟಿ ಜೀವ. 2019ರಲ್ಲಿ ನಾಲ್ಕು ಸಾವಿರನೇ ಸಂಚಿಕೆ ದಾಟಿತು. ಈಗ ಬೀನೋ ಸ್ಟುಡಿಯೋಸ್ ಅಂತ ಬೇರೆ ಕಂಪನಿಯನ್ನೇ ಮಾಡಿ ಕಾರ್ಟೂನು, ವೆಬ್‌ಸೈಟು ಎಲ್ಲ ನಡೆಸುತ್ತಾರೆ. ಹಾಗಂತ ಮನೆಯಲ್ಲಿ ಎಲ್ಲ ಚೆನ್ನಾಗಿದೆ ಅಂತಲ್ಲ. 2023ರಲ್ಲಿ ಒಂದೇ ಏಟಿಗೆ ಸುಮಾರು 40 ಪತ್ರಿಕೆಗಳನ್ನು ನಿಲ್ಲಿಸಿ 300 ಜನರ ಕೆಲಸ ಕಡಿಮೆ ಮಾಡುತ್ತೇವೆ ಅಂತ ಥಾಮ್ಸನ್ ಕಂಪನಿ ಹೇಳಿತು. ಸೆಣಬು 1999ಕ್ಕೇ ಮುಗಿದಿತ್ತು. ಮೂರನೆಯ 'ಜೆ' ಕೂಡ ತೆಳ್ಳಗಾಗುತ್ತಿದೆ.

ವಾಪಸು ಬರುವ ಹಿಂದಿನ ಶನಿವಾರ ಹುಡುಗನನ್ನು ಕರೆದುಕೊಂಡು ಹಳೆ ಸಾಮಾನು ಮಾರುವ ಧರ್ಮಾರ್ಥ ಅಂಗಡಿಗೆ ಹೋದೆ. ಟೀ ಕಪ್ಪು, ಸ್ವೆಟರು, ಜಿಗ್‌ಸಾಗಳ ನಡುವೆ ಎರಡು ಪುಸ್ತಕ ಸಿಕ್ಕವು. ಒಂದು ಬೀನೋದ ಹಳೆಯ ವಾರ್ಷಿಕ ಸಂಚಿಕೆ, ಎಪ್ಪತ್ತರ ದಶಕದ್ದು, ಬೆನ್ನು ಕಿತ್ತುಹೋಗಿ ಟೇಪು ಹಾಕಿದ್ದು, ಒಳಪುಟದಲ್ಲಿ ಯಾವುದೋ ಮಗು ಕೊರೆಕೊರೆಯಾಗಿ ತನ್ನ ಹೆಸರು ಬರೆದಿದ್ದು. ಇನ್ನೊಂದು ಬ್ರೂನ್ಸ್‌ನ ಹಳೆಯ ಪುಟಗಳ ಸಂಕಲನ. ಎರಡಕ್ಕೂ ಸೇರಿ ಮೂರು ಪೌಂಡ್. ಚೌಕಾಸಿ ಮಾಡೋಣ ಅಂತ ಬಾಯಿ ತೆರೆದೆ, ಹುಡುಗ ಕೈ ಜಗ್ಗಿದ.

ಮನೆಗೆ ಬಂದು ಬ್ರೂನ್ಸ್ ತಿರುವುತ್ತಿದ್ದಾಗ ಒಂದು ಪುಟದ ಕೆಳಗೆ ಬಲಮೂಲೆಯಲ್ಲಿ ಏನೋ ಗೀಚಿದ ಹಾಗಿತ್ತು. ಬೂತಗನ್ನಡಿ ಹಿಡಿದು ನೋಡಿದೆವು. ಡಡ್ಲಿ ಡಿ. ವಾಟ್ಕಿನ್ಸ್. ಇಡೀ ಮನೆಯಲ್ಲಿ ಹೆಸರು ಹಾಕಿಕೊಳ್ಳಲು ಅನುಮತಿ ಸಿಕ್ಕ ಮೊದಲಿಗ ಅವನೇ, ಅದೂ 1946ರಲ್ಲಿ, ಇಪ್ಪತ್ತು ವರ್ಷ ದುಡಿದ ಮೇಲೆ. ದೈವಭಕ್ತ ಮನುಷ್ಯ. 1969ರ ಆಗಸ್ಟ್‌ನಲ್ಲಿ ಚಿತ್ರದ ಹಲಗೆಯ ಮುಂದೆ ಕೂತಿದ್ದ ಹಾಗೇ ಪ್ರಾಣ ಹೋಯಿತು. ಅವನ ಬದಲಿಗೆ ಬೇರೆಯವರನ್ನು ಕೂರಿಸುವ ಧೈರ್ಯ ಆಗದೆ ವರ್ಷಗಟ್ಟಲೆ ಅವನ ಹಳೆಯ ಪುಟಗಳನ್ನೇ ಮತ್ತೆ ಮತ್ತೆ ಅಚ್ಚು ಹಾಕಿದರು. ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನಿಗೆ ಸಾವಿನ ಕತೆಗಿಂತ ಸಹಿ ಹುಡುಕುವ ಆಟ ಜಾಸ್ತಿ ಇಷ್ಟವಾಯಿತು. ಈಗಿನ ಬೀನೋದಲ್ಲಿ ಕಲಾವಿದರ ಹೆಸರು ಹಾಕುತ್ತಾರೆ, ಹಾಗಾಗಿ ಅವನಿಗೆ ಅದರಲ್ಲಿ ವಿಶೇಷ ಕಾಣಿಸಿರಲಿಲ್ಲ. ಹಳೆಯದರಲ್ಲಿ ಎಷ್ಟಿವೆ ನೋಡು ಅಂತ ಆ ಟೇಪು ಹಾಕಿದ ವಾರ್ಷಿಕ ಸಂಚಿಕೆಯನ್ನು ಅವನ ಕೈಗೆ ಕೊಟ್ಟು ಬಂದಿದ್ದೆ.

ಹೋದ ಭಾನುವಾರ ವೀಡಿಯೊ ಕಾಲ್ ಬಂತು. ಅವರಮ್ಮನ ಹತ್ತಿರ ಮಾತಾಡಲು ಬಿಡದೆ ಫೋನು ಕಿತ್ತುಕೊಂಡ. ಬೂತಗನ್ನಡಿ ಹಿಡಿದೇ ಇದ್ದ, ಸ್ಕ್ರೀನಿನಲ್ಲಿ ಅವನ ಒಂದು ಕಣ್ಣು ಮಾತ್ರ ದೊಡ್ಡದಾಗಿ ಕಾಣುತ್ತಿತ್ತು.

"ದೊಡ್ಡಪ್ಪಾ, ಎಲ್ಲಾ ಪೇಜೂ ನೋಡ್ದೆ. ಜೀರೋ."